ಅಪ್ಪ ಇಲ್ಲದಾಗ ಓದು, ಅಮ್ಮ

ಸಿನ್ಸಿನಾಟಿ, ಒಹಾಯೊ
17 ಆಗಸ್ಟ್ 2025

ಅಮ್ಮನಿಗೆ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ಸರೋಜತ್ತೆ ಕೈಲಿ ಕಳಿಸಿದ ಹಪ್ಪಳ, ಚಟ್ನಿಪುಡಿ ಬಂತು. ಡಬ್ಬದ ಅಡಿಯಲ್ಲಿ ಮಡಚಿಟ್ಟ ನಿನ್ನ ಪತ್ರವೂ ಸಿಕ್ಕಿತು. ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂತ ಗೊತ್ತಾಯಿತು. ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ ಅಲ್ವಾ.

ನಿಖಿಲನ ಆಟದ ಬಗ್ಗೆ ನೀನು ಹೆದರಬೇಡ. ಇಲ್ಲಿಯ ಫುಟ್‌ಬಾಲ್ ಅಂದರೆ ಮೊಟ್ಟೆಯಂಥ ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಓಡುವುದು. ನಾಲ್ಕು ಸಲದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡು, ಹಲ್ಲಿಗೂ ಗಾರ್ಡು. ಡಾಕ್ಟರು ನೋಡಿ ಸಹಿ ಮಾಡದೆ ಮೈದಾನಕ್ಕೇ ಬಿಡುವುದಿಲ್ಲ. ಹೃದಯ ನಿಲ್ಲುವುದರ ಬಗ್ಗೆ ಇಲ್ಲಿ 2017ರಿಂದ ಒಂದು ಕಾನೂನಿದೆ, ಲಿಂಡ್ಸೀಸ್ ಲಾ ಅಂತ. ನಾವೂ ಅವನೂ ಅದರ ವಿಡಿಯೋ ನೋಡಿ ಸಹಿ ಹಾಕಿದ್ದೇವೆ. ಆಡುವಾಗ ಮಗು ತಲೆಸುತ್ತಿ ಬಿದ್ದರೆ, ಮತ್ತೆ ಆಡಬಹುದು ಅಂತ ಡಾಕ್ಟರು ಬರೆದುಕೊಡುವವರೆಗೆ ಆಡಿಸುವಂತಿಲ್ಲ.

ನಿನ್ನೆ ಸೀಸನ್ನಿಗೆ ಮುಂಚಿನ ಪಂದ್ಯಗಳಿದ್ದವು. ನಾಲ್ಕು ಹೈಸ್ಕೂಲ್ ತಂಡಗಳು, ಚಿಕ್ಕ ಚಿಕ್ಕ ಆಟ. ಗೆದ್ದರೂ ಸೋತರೂ ಲೆಕ್ಕಕ್ಕಿಲ್ಲ. ಪ್ರಾಕ್ಟೀಸಿನಲ್ಲಿ ಕುಸಿದು ತೀರಿಕೊಂಡ ಒಬ್ಬ ಹಳೆಯ ವಿದ್ಯಾರ್ಥಿಯ ನೆನಪಿಗೆ ನಡೆಸುತ್ತಾರೆ. ಶುರುವಿಗೆ ಮೊದಲು ಎಲ್ಲರೂ ಎದ್ದು ನಿಂತೆವು. ಆ ಹುಡುಗನ ತಾಯಿ ಮೈದಾನದ ನಡುವೆ ಬಂದು ಮಕ್ಕಳ ಕೈ ಒಬ್ಬೊಬ್ಬರದಾಗಿ ಹಿಡಿದು ಹೋದರು. ನಿಖಿಲನ ಕೈಯನ್ನೂ. ನನಗೆ ಅಳು ತಡೆಯಲಾಗಲಿಲ್ಲ ಅಮ್ಮ.

ಟಿಕೆಟ್ಟಿನ ದುಡ್ಡೆಲ್ಲ, ಹೃದಯ ನಿಂತಾಗ ಎದೆಗೆ ಶಾಕ್ ಕೊಡುವ ಎಇಡಿ ಮಿಷನ್ ಕೊಳ್ಳುವುದಕ್ಕೆ. ಹೇಗೆ ಹಚ್ಚಬೇಕು ಅಂತ ಅದೇ ಮಾತಾಡಿ ಹೇಳುತ್ತದೆ. ನಿಖಿಲನೂ ಎದೆ ಒತ್ತುವುದು ಕಲಿತಿದ್ದಾನೆ, ನಿಮಿಷಕ್ಕೆ 100ರಿಂದ 120 ಸಲ. ಇದೇ ಊರಿನಲ್ಲಿ 2023ರ ಜನವರಿ 2ರಂದು ಡಮಾರ್ ಹ್ಯಾಮ್ಲಿನ್ ಅನ್ನುವ ಆಟಗಾರ ಡಿಕ್ಕಿ ಹೊಡೆದು, ಎದ್ದು ನಿಂತು, ಹಾಗೇ ಬಿದ್ದ. 24 ವರ್ಷ. ಅಲ್ಲೇ ಎದೆ ಒತ್ತಿ, ಶಾಕ್ ಕೊಟ್ಟು ಉಳಿಸಿಕೊಂಡರು. ಅದೇ ವರ್ಷ ಮತ್ತೆ ಆಡಿದ!

ನಿನ್ನ ಪತ್ರ ಅಲ್ಲೂ ನನ್ನ ಬ್ಯಾಗಿನಲ್ಲಿತ್ತು. ಮೆಟ್ಟಿಲು ಹತ್ತಿದರೆ ಅಪ್ಪನಿಗೆ ಎದೆ ಹಿಡಿಯುತ್ತದೆ, ಬೆವರುತ್ತಾರೆ, ಕೇಳಿದರೆ ಗ್ಯಾಸ್ಟ್ರಿಕ್ ಅನ್ನುತ್ತಾರೆ. ಅಮ್ಮ, ಅದು ಗ್ಯಾಸ್ಟ್ರಿಕ್ ಅಂತ ನಾವು ಹೇಗೆ ನಂಬುವುದು? ಹೋದ ತಿಂಗಳು ನಮ್ಮ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಕೇಳಿ ಜನ ಮೈಸೂರಿನ ಜಯದೇವದ ಮುಂದೆ ಸಾಲು ನಿಂತಿದ್ದು ಅವರೂ ಟಿವಿಯಲ್ಲಿ ನೋಡಿದ್ದಾರಲ್ಲ. ಎಲ್ಲರೂ ಗಾಬರಿಯಾಗಬೇಕಿಲ್ಲ, ನಿಜ. ಆದರೆ ಅಪ್ಪನಿಗೆ ನೋವೇ ಬರುತ್ತಿದೆ.

ನಾಳೆಯೇ ಮಂಜು ಕರೆದುಕೊಂಡು ಹೋಗಲಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ, ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ದೊಡ್ಡ ಡಾಕ್ಟರಿಗೆ ಕಳಿಸುತ್ತಾರೆ, ದುಡ್ಡು ಕೇಳುವುದಿಲ್ಲ. ಅರಸೀಕೆರೆಯಲ್ಲಿ ವಿಚಾರಿಸಲಿ. ಆಗದಿದ್ದರೆ ನೇರ ಜಯದೇವಕ್ಕೆ. ನನ್ನ ಬಾಗಿನಕ್ಕೆ ಎತ್ತಿಟ್ಟ ದುಡ್ಡು ಅದಕ್ಕೇ ಹಾಕು, ಉಳಿದದ್ದು ನಾನು ಕಳಿಸುತ್ತೇನೆ. ಕೂತಲ್ಲೇ ಎದೆನೋವು ಬಂದರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಏನೂ ಆಗಿರುವುದಿಲ್ಲ ಬಿಡು. ಅಪ್ಪ ಗಟ್ಟಿ. ಸುಮ್ನೆ ಒಂದು ಸಲ ನೋಡಿಸಿದರೆ ಆಯಿತು. ನಾವು ಆರಾಮಾಗಿದ್ದೇವೆ, ನಿಖಿಲ ಜಾಸ್ತಿನೇ ಊಟ ಮಾಡುತ್ತಾನೆ, ನೀನು ನಿದ್ದೆ ಕೆಡಬೇಡ.

ಇದರ ಫೋಟೋ ತೆಗೆದು ಮಂಜು ಮೊಬೈಲಿಗೆ ಹಾಕುತ್ತಿದ್ದೇನೆ. ಇವರು ಆಗಲೇ ಕಾರು ತೆಗೆದು ಕರೆಯುತ್ತಿದ್ದಾರೆ. ಇಸಿಜಿ ಆದ ತಕ್ಷಣ ಫೋನ್ ಮಾಡಿ, ಇಲ್ಲಿ ಎಷ್ಟು ಹೊತ್ತಾಗಿದ್ದರೂ ಸರಿ.

ನಿನ್ನ
ಸುಮ