ಅಕ್ಕ ಮುರಿದಿಟ್ಟ ನಾಲ್ಕು ಕಡ್ಡಿಗಳು

ಹನ್ನೊಂದು ವರ್ಷ ಒಂದೇ ಶಾಲೆಯಲ್ಲಿ ಪಾಠ ಮಾಡಿದ ಮೇಲೆ ನನಗೆ ವರ್ಗವಾಗಿದೆ. ಹೋದ ವಾರ ಮಡಿಕೇರಿಯ ಮನೆ ಖಾಲಿ ಮಾಡಿದೆ. ಬೀಳ್ಕೊಡುಗೆಯ ದಿನ ಮೈಕ್ ಕೈಗೆ ಬಂದಾಗ ಎರಡು ಮಾತಿಗೇ ಗಂಟಲು ಕಟ್ಟಿತು. ಅವತ್ತು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ ಪುಸ್ತಕಕ್ಕಾಗಿ ಶನಿವಾರದ ಕೊನೆಯ ಪೀರಿಯಡ್ಡನ್ನು ಬಿಟ್ಟುಕೊಟ್ಟ ಹೆಡ್‌ಮಾಸ್ಟರ್‌ಗೆ, ಪೋರ್ಷನ್ ಮುಗಿಯದಿದ್ದಾಗಲೂ ಆ ಪೀರಿಯಡ್ಡನ್ನು ಕೇಳದ ಸಹೋದ್ಯೋಗಿಗಳಿಗೆ, ಹಳೆಯ ಮಳೆ ಲೆಕ್ಕದ ಡೈರಿಗಳನ್ನು ಮಕ್ಕಳ ಕೈಗೆ ಕೊಟ್ಟ ತೋಟದವರಿಗೆ, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರಿಗೆ, ಎಲ್ಲ ಅಪ್ಪ ಅಮ್ಮಂದಿರಿಗೆ ನನ್ನ ನಮಸ್ಕಾರ.

ಪ್ರಶ್ನೆ ಪುಸ್ತಕ ಅಂದರೆ ಏನು ಅಂತ ನಮ್ಮ ಊರಿನವರಿಗೆ ಗೊತ್ತು. ಬೇರೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. ಒಂಬತ್ತನೇ ಕ್ಲಾಸಿನ ಪ್ರತಿ ಮಗುವೂ ತನ್ನದೇ ಒಂದು ಪ್ರಶ್ನೆ ಹುಡುಕಿಕೊಳ್ಳಬೇಕು. ನೋಡಿ, ಅಳೆದು, ಮನೆಯಲ್ಲಿ ಕೇಳಿ ತಿಳಿಯುವಂಥ ಪ್ರಶ್ನೆ. ಎರಡು ವಾರ ನಾನು ಉತ್ತರ ಹೇಳುವಂತಿಲ್ಲ. ಏನು ಮಾಡಿದೆ, ಯಾರನ್ನು ಕೇಳಿದೆ, ಎಲ್ಲಿ ತಪ್ಪಿತು, ಎಲ್ಲವನ್ನೂ ಬರೆಯಬೇಕು. ಇದಕ್ಕೆ ಮಾರ್ಕ್ಸ್ ಇಲ್ಲ.

ಕಾಫಿ ಗಿಡ ಅರಳಿಸುವ ಹೂಮಳೆ ಬಿದ್ದು ಎಷ್ಟು ದಿನಕ್ಕೆ ರೋಬಸ್ಟಾ ಕಾಫಿ ಹೂ ಬಿಡುತ್ತದೆ ಅಂತ ಇಬ್ಬರು ಹುಡುಗರು ಹಿಡಿದರು. ಒಬ್ಬ ಎಂಟು ದಿನ ಅಂದ, ಇನ್ನೊಬ್ಬ ಹತ್ತು ಅಂದ. ಜಗಳವೇ ಆಯಿತು. ಕೊನೆಗೆ ಇಬ್ಬರೂ ಒಬ್ಬರ ತೋಟಕ್ಕೆ ಇನ್ನೊಬ್ಬರು ಹೋಗಿ ಎಣಿಸಿದರು. ತಾತನ ಕಾಲದಲ್ಲಿ ತೋಟದ ತುಂಬ ಇದ್ದ ಕಿತ್ತಳೆ ಗಿಡಗಳು ಎಲ್ಲಿ ಹೋದವು ಅಂತ ಒಬ್ಬಳು ಕೇಳಿದಳು. ತಾತ ಮೂರು ಸಂಜೆ ಕೂತು ಹೇಳಿದರಂತೆ. ಅವರು ಮೊಮ್ಮಗಳ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು ಅಂತ ಅವಳಮ್ಮ ನನಗೆ ಹೇಳಿದರು.

ತೋಟದ ಕೆಲಸಗಾರರ ಲೈನ್ ಮನೆಯ ಒಬ್ಬ ಹುಡುಗಿ ಮಳೆ ಅಳೆಯಲು ಹೊರಟಳು. ತೋಟದವರು ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರರ ಒಂದು ಭಾಗ) ಅಂತ ಮಾತಾಡುವುದನ್ನು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಅಳೆಯುವುದನ್ನು ನೋಡಿರಲಿಲ್ಲ. ಎರಡು ಲೀಟರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿಟ್ಟು ಆಲಿಕೆ ಮಾಡಿದಳು. ತಳ ಸಮ ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ ಅಂತ ಅವಳಿಗೇ ಹೊಳೆಯಿತು. ಅಪ್ಪನ ಹತ್ತಿರ ಸಿಮೆಂಟು ಹಾಕಿಸಿ ಮಟ್ಟ ಮಾಡಿದಳು. ಬಾಟಲಿಯನ್ನು ಶಾಲೆಯ ಅಂಗಳದಲ್ಲಿ ಇಟ್ಟು ದಿನಾ ಬೆಳಿಗ್ಗೆ ಬರೆಯುತ್ತಿದ್ದಳು.

ಆಮೇಲೆ 2018ರ ಆಗಸ್ಟ್ 16 ಬಂತು.

ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲ. ಮಳೆಗೆ ಗುಡ್ಡ ಕುಸಿದ ನಮ್ಮ ಕೊಡಗಿನ ಊರುಗಳು. ಆ ದಿನಗಳಲ್ಲಿ ಏನಾಯಿತು ಅಂತ ನಾನು ಮತ್ತೆ ಬರೆಯುವುದಿಲ್ಲ. ನೀವೆಲ್ಲ ಅಲ್ಲೇ ಇದ್ದಿರಿ. ಆ ರಾತ್ರಿ ನಮ್ಮ ಶಾಲೆಯಲ್ಲಿ ಜನ ತುಂಬಿದ್ದರು. ಕರೆಂಟಿಲ್ಲ, ಫೋನಿಲ್ಲ. ಬಿಸಿಯೂಟದ ಅಡುಗೆಯ ಅಕ್ಕ ಮಧ್ಯಾಹ್ನವೇ ಮನೆಗೆ ಹೋಗಬಹುದಿತ್ತು. ಅವರ ಮನೆ ಗಟ್ಟಿ ಜಾಗದಲ್ಲಿತ್ತು. ಹೋಗಲಿಲ್ಲ. ಸ್ಟೋರಿನ ಅಕ್ಕಿಯಲ್ಲಿ ಗಂಜಿ ಮಾಡಿದರು, ಬಡಿಸಿದರು, ಮತ್ತೆ ಒಲೆ ಹಚ್ಚಿದರು. ನಾನು ಹೆಸರು ಬರೆದುಕೊಳ್ಳುತ್ತ ಓಡಾಡುತ್ತಿದ್ದೆ. ಕೈ ನಡುಗುತ್ತಿತ್ತು. ಅಕ್ಕ ನನ್ನನ್ನು ಕೂರಿಸಿ ಒಂದು ಲೋಟ ಗಂಜಿ ಕುಡಿಸಿದ್ದು ನೆನಪಿದೆ.

ರಾತ್ರಿ ಹತ್ತರ ಹೊತ್ತಿಗೆ ಆ ಹುಡುಗಿ ಬಂದು, "ಟೀಚರ್, ಬಾಟಲಿ ನೋಡಬೇಕು" ಅಂದಳು. ನಾನು ರೇಗಿದೆ. ಇಂಥ ಹೊತ್ತಲ್ಲಿ ಎಂಥದ್ದು ಬಾಟಲಿ, ಹೋಗಿ ಮಲಗು ಅಂದೆ. ಅಕ್ಕ ಏನೂ ಹೇಳಲಿಲ್ಲ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡರು. ಟಾರ್ಚ್ ತೆಗೆದುಕೊಂಡು, ಕೊಡೆ ಬಿಚ್ಚಿ, "ಬಾ ಮಗಳೇ" ಅಂದರು.

ಬಾಟಲಿ ತುಂಬಿ ಚೆಲ್ಲಿತ್ತು. ಅಂದಾಜಿಗೆ ಒಂದು ಸಂಖ್ಯೆ ಬರಿ ಅಂತ ನಾನೇ ಹೇಳುತ್ತಿದ್ದೆನೇನೋ. ಅವಳು ಬರೆದದ್ದು ಇಷ್ಟೇ: "ಚೆಲ್ಲಿಹೋಗಿದೆ. ಎಷ್ಟು ಅಂತ ಗೊತ್ತಿಲ್ಲ." ಎರಡು ಗಂಟೆಗೊಮ್ಮೆ ಖಾಲಿ ಮಾಡಿದರೆ ಚೆಲ್ಲುವುದಿಲ್ಲ ಅಂತ ಅವಳೇ ಹೇಳಿದಳು. ಹನ್ನೆರಡರ ತನಕ ಕೂತೇ ಇರುತ್ತೇನೆ ಅಂದವಳು ಹನ್ನೊಂದಕ್ಕೇ ನಿದ್ದೆ ಹೋದಳು.

ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ಪೊರಕೆಕಡ್ಡಿಗಳಿದ್ದವು. ಸಾಲಾಗಿ, ಬುಡ ಸಮ ಮಾಡಿ ಇಟ್ಟಿದ್ದವು. ಉದ್ದ ಮಾತ್ರ ಬೇರೆ ಬೇರೆ. ಅಕ್ಕನಿಗೆ ಓದು ಬರಹ ಬರುವುದಿಲ್ಲ. ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ, ಆರಕ್ಕೆ ಎದ್ದು ಬಾಟಲಿಯನ್ನು ವರಾಂಡಕ್ಕೆ ತಂದು, ಪಕ್ಕದಲ್ಲಿ ಕಡ್ಡಿ ಹಿಡಿದು, ನೀರು ನಿಂತ ಎತ್ತರಕ್ಕೆ ಸರಿಯಾಗಿ ಮುರಿದಿದ್ದರು. ನೀರು ಚೆಲ್ಲಿ, ಬಾಟಲಿಯನ್ನು ಮತ್ತೆ ಮಳೆಗೆ ಇಟ್ಟು ಬಂದಿದ್ದರು. ಹುಡುಗಿ ಎದ್ದು ಸ್ಕೇಲ್ ಇಟ್ಟು ಅಳೆದಳು. ಎಲ್ಲಕ್ಕಿಂತ ಉದ್ದದ ಕಡ್ಡಿ 31 ಮಿಲಿಮೀಟರ್. ತೋಟದವರ ಲೆಕ್ಕದಲ್ಲಿ 1 ಇಂಚು 22 ಸೆಂಟ್. ಎರಡೇ ಗಂಟೆಯಲ್ಲಿ.

ಸ್ತಂಭಾಲೇಖದ (ಬಾರ್ ಗ್ರಾಫ್) ಪಾಠವನ್ನು ನಾನು ಎಷ್ಟೋ ವರ್ಷ ಬೋರ್ಡಿನ ಮೇಲೆ ಮಾಡಿದ್ದೇನೆ. ಅಕ್ಕ ಅದನ್ನು ಆ ಕಟ್ಟೆಯ ಮೇಲೆ ಮಾಡಿಟ್ಟಿದ್ದರು. ಉತ್ತರ ಹೇಳಿಕೊಡಲು ಅವರ ಹತ್ತಿರ ಉತ್ತರ ಇರಲಿಲ್ಲ. ಆ ಮಗುವಿನ ಪ್ರಶ್ನೆ ನಿದ್ದೆಗೆಡುವಷ್ಟು ದೊಡ್ಡದು ಅಂತ ಮಾತ್ರ ಅವರಿಗೆ ಗೊತ್ತಿತ್ತು. ನನಗೆ ಅದು ಆ ರಾತ್ರಿ ಗೊತ್ತಿರಲಿಲ್ಲ.

ಇನ್ನೊಂದು ಮಾತು ಹೇಳದೆ ಇದನ್ನು ಮುಗಿಸಲಾರೆ. ಅದೇ ಕ್ಲಾಸಿನ ಒಬ್ಬ ಹುಡುಗ ಜುಲೈನಲ್ಲೇ ಬರೆದಿದ್ದ: "ನಮ್ಮ ಮನೆ ಹಿಂದೆ ನೆಲ ಬಿರುಕು ಬಿಟ್ಟಿದೆ. ಯಾಕೆ?" ಕೆಳಗೆ ನನ್ನ ಕೆಂಪು ಶಾಯಿಯ ಟಿಕ್ ಇದೆ, ಸಹಿ ಇದೆ, ತಾರೀಕು ಇದೆ. ಮೂವತ್ತೆಂಟು ಪುಸ್ತಕಗಳ ಮಧ್ಯೆ ನಾನು ಅದನ್ನು ಓದಿಯೇ ಇರಲಿಲ್ಲ. ಆ ಮನೆ ಈಗ ಇಲ್ಲ. ಮನೆಯವರು ಹಿಂದಿನ ದಿನವೇ ಹೊರಟಿದ್ದರು, ಅಷ್ಟೇ ಸಮಾಧಾನ. ಸೆಪ್ಟೆಂಬರಿನಲ್ಲಿ ಆ ಪುಟ ನೋಡಿದ ದಿನ ಸ್ಟಾಫ್ ರೂಮಿನಲ್ಲಿ ಕೂತು ಅತ್ತೆ. ಮಕ್ಕಳು ಸ್ವಂತವಾಗಿ ಯೋಚಿಸಬೇಕು ಅಂತ ಅಷ್ಟು ಹೇಳಿ, ಯೋಚಿಸಿದ ಮಗುವಿನ ಮಾತನ್ನೇ ಕೇಳಿರಲಿಲ್ಲ. ಮಗನೇ, ನೀನು ಇದನ್ನು ಓದುತ್ತಿದ್ದರೆ, ನನ್ನನ್ನು ಕ್ಷಮಿಸು. ಅವತ್ತಿನಿಂದ ಟಿಕ್ ಹಾಕುವುದನ್ನು ಬಿಟ್ಟೆ. ಪ್ರತಿ ಪುಟದ ಕೆಳಗೆ ಒಂದು ಸಾಲಾದರೂ ಬರೆದೆ.

ಪುಸ್ತಕ ನಿಲ್ಲಿಸುತ್ತೇನೆ ಅಂತ ಆಗ ಅಕ್ಕನಿಗೆ ಹೇಳಿದ್ದೆ. "ಮಕ್ಕಳು ಕೇಳುವುದನ್ನು ನಿಲ್ಲಿಸುತ್ತಾರಾ ಟೀಚರೇ?" ಅಂದರು. ಸಾರಿಗೆ ಒಗ್ಗರಣೆ ಹಾಕುತ್ತಲೇ ಕೇಳಿದ್ದು. ಶನಿವಾರ ಪುಸ್ತಕ ಮತ್ತೆ ಶುರುವಾಯಿತು.

2020ರಲ್ಲಿ ಶಾಲೆ ಮುಚ್ಚಿತು. ಟೀಚರುಗಳೇ ಮಕ್ಕಳಿರುವ ಕಡೆ ಹೋಗಿ ಪಾಠ ಮಾಡುವ ವಿದ್ಯಾಗಮ ಆಗಸ್ಟಿನಲ್ಲಿ ಶುರುವಾಗಿ ಅಕ್ಟೋಬರಿನಲ್ಲಿ ನಿಂತಿತು. ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕಿದ್ದ ಮಕ್ಕಳು ಆಗಲೂ ಪುಸ್ತಕ ಬರೆದರು. ಮರು ವರ್ಷ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಎರಡೇ ದಿನ ನಡೆಯಿತು, ಓಎಂಆರ್ ಹಾಳೆಯಲ್ಲಿ ಸರಿಯುತ್ತರ ಗುರುತಿಸುವುದು. ಆ ಹಾಳೆಯಲ್ಲಿ ಈ ಪುಸ್ತಕಗಳಿಗೆ ಜಾಗ ಇರಲಿಲ್ಲ. ಪರವಾಗಿಲ್ಲ. ಪರೀಕ್ಷೆ ಮುಗಿದ ಮೇಲೂ ಮಾಸ್ಕ್ ಹಾಕಿಕೊಂಡು ಪುಸ್ತಕ ತೋರಿಸಲು ಬಂದವರಿದ್ದರು. ಅವರಿಗೆಲ್ಲ ನಾನು ಋಣಿ.

ಮಳೆ ಅಳೆದ ಹುಡುಗಿ ಈಗ ಎಲ್ಲಿದ್ದಾಳೆ, ಏನು ಓದಿದಳು ಅಂತ ಬರೆಯುವುದಿಲ್ಲ. ಅದನ್ನು ಹೇಳುವುದು ಬಿಡುವುದು ಅವಳಿಗೆ ಸೇರಿದ್ದು. ಆದರೆ "ಗೊತ್ತಿಲ್ಲ" ಅಂತ ತಲೆ ಎತ್ತಿ ಹೇಳುವುದನ್ನು ನಾನು ಅವಳಿಂದ ಕಲಿತೆ.

ಕಡ್ಡಿಗಳನ್ನು ನೂಲಿನಲ್ಲಿ ಕಟ್ಟಿ ವಿಜ್ಞಾನ ಕೋಣೆಯ ಬೀರುವಿನಲ್ಲಿ ಇಟ್ಟಿದ್ದೇನೆ, ಎರಡನೇ ಅರೆಯಲ್ಲಿ. ನನ್ನ ಜಾಗಕ್ಕೆ ಬಂದಿರುವ ಟೀಚರ್‌ಗೂ ತೋರಿಸಿದ್ದೇನೆ. ಅಂಗಳದ ಬಾಟಲಿ ಬಿರುಕು ಬಿಟ್ಟಿದೆ. ಮುಂಗಾರಿಗೆ ಮುಂಚೆ ಯಾರಾದರೂ ಹೊಸದು ಮಾಡಿ.

ಅಕ್ಕ ಇದನ್ನು ಓದಲಾರರು. ಊರಲ್ಲಿರುವ ನನ್ನ ಹಳೆಯ ಮಕ್ಕಳು ಯಾರಾದರೂ ಅಡುಗೆಮನೆಗೆ ಹೋಗಿ ಅವರಿಗೆ ಓದಿ ಹೇಳಿ. ಊಟ ಬಡಿಸಿ ಆದ ಮೇಲೆ ಹೋಗಿ, ಆಗ ಅವರು ಸ್ವಲ್ಪ ಕೂರುತ್ತಾರೆ.