ದಸರಾ ಕಲಾವಿದರು ಶಾಲೆಗೂ ಬರಲಿ

ಸಂಪಾದಕರೇ,

ಕಳೆದ ವರ್ಷ ನಮ್ಮೂರ ಸರ್ಕಾರಿ ಶಾಲೆಗೆ ಒಬ್ಬ ಮೃದಂಗ ವಾದಕರು ಬಂದಿದ್ದರು. ಮೈಕ್ ಇಲ್ಲ, ವೇದಿಕೆ ಇಲ್ಲ, ವರಾಂಡದಲ್ಲಿ ಒಂದು ಜಮಖಾನ ಅಷ್ಟೇ. ನುಡಿಸುವ ಮೊದಲು ಅವರು ರವೆಯನ್ನು ನೀರಲ್ಲಿ ಕಲಸಿ ಮೃದಂಗದ ಎಡಭಾಗಕ್ಕೆ ಮೆತ್ತಿದರು. ಮುಂದೆ ಕೂತಿದ್ದ ಹುಡುಗಿಯೊಬ್ಬಳು 'ಸಾರ್, ಉಪ್ಪಿಟ್ಟಿನ ರವೆನಾ?' ಅಂದಳು. ಎಲ್ಲರೂ ನಕ್ಕರು. ಆಮೇಲೆ ರವೆ ಇದ್ದಾಗ ಹೇಗೆ, ತೆಗೆದಾಗ ಹೇಗೆ ಅಂತ ಅವರು ಬಾರಿಸಿ ತೋರಿಸಿದಾಗ ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಮೊಬೈಲ್‌ನಲ್ಲಿ ಇದು ಸಿಗುತ್ತಾ?

ಪ್ರತಿಭಾ ಕಾರಂಜಿ ಇದೆಯಲ್ಲ ಅನ್ನಬಹುದು. ಅದು ಸ್ಪರ್ಧೆ, ಬಹುಮಾನದ ಮಾತೇ ಜಾಸ್ತಿ. ಸುಮ್ನೆ ಕೂತು ಕೇಳೋ ಅವಕಾಶ ಬೇರೆಯೇ. 1977ರಲ್ಲಿ ದೆಹಲಿ ಐಐಟಿಯ ಪ್ರಾಧ್ಯಾಪಕ ಕಿರಣ್ ಸೇಠ್ ಶುರು ಮಾಡಿದ ಸ್ಪಿಕ್ ಮೆಕೆ ಸಂಸ್ಥೆ ಇದೇ ಕೆಲಸ ಮಾಡುತ್ತಾ ಬಂದಿದೆ, ದೊಡ್ಡ ದೊಡ್ಡ ಕಲಾವಿದರು ಶಾಲೆ, ಕಾಲೇಜುಗಳಿಗೆ ಹೋಗಿ ಹಾಡುತ್ತಾರೆ, ಕುಣಿಯುತ್ತಾರೆ, ಮಕ್ಕಳ ಪ್ರಶ್ನೆಗೆ ಉತ್ತರಿಸುತ್ತಾರೆ.

ಮೈಸೂರು ದಸರಾದಲ್ಲಿ ಅರಮನೆ ಮುಂದೆ ಸಂಜೆ ಕಛೇರಿ ನಡೆಯುತ್ತದೆ. ಹಳ್ಳಿ ಮಕ್ಕಳು ರಾತ್ರಿ ಬಸ್ ಹಿಡಿದು ಬರೋಕಾಗುತ್ತಾ? ಬಂದ ಕಲಾವಿದರಲ್ಲಿ ಕೆಲವರನ್ನಾದರೂ ಬೆಳಗ್ಗೆ ಹೊತ್ತು ಒಂದೊಂದು ತಾಲ್ಲೂಕಿನ ಶಾಲೆಗೆ ಕಳಿಸಬಹುದಲ್ವಾ? ಆಗ ದಸರಾ ರಜೆ ಇರುತ್ತೆ, ಗೊತ್ತು. ಹಾಗಾದರೆ ರಜೆಗೆ ಒಂದು ವಾರ ಮುಂಚೆ ಇಡಲಿ. ಕಂಸಾಳೆಯವರಂತೂ ಇದೇ ಸೀಮೆಯವರು, ಅವರಿಗೆ ಪ್ರಯಾಣದ ಖರ್ಚೂ ಕಮ್ಮಿ. ಆದರೆ ಸಂಭಾವನೆ ಮಾತ್ರ ಸರಿಯಾಗಿ ಕೊಡಿ, ಶಾಲು ಹೊದಿಸಿ ಕಳಿಸಬೇಡಿ.

— ಒಬ್ಬ ಪೋಷಕ, ಮೈಸೂರು ಜಿಲ್ಲೆ