ಹೊಸ ಲ್ಯಾಪ್‌ಟಾಪ್, ಟ್ಯಾಬ್ ತಂದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಈ ತಿಂಗಳು ಎಸ್.ಪಿ. ರೋಡಿನಿಂದ ಅಂಗಡಿಗೆ ಹೊಸ ಲ್ಯಾಪ್‌ಟಾಪ್, ಬಿಲ್ಲಿಂಗ್ ಟ್ಯಾಬ್ ತಂದವರು ದಯವಿಟ್ಟು ಪೂರ್ತಿ ಓದಿ. ಕಂಪನಿಯವರೇ ತುಂಬಿ ಕಳಿಸಿರುವ ಬೇಡದ ಆಪ್‌ಗಳನ್ನು ಶನಿವಾರ ಸಂಜೆಯೊಳಗೆ ತೆಗೆದುಬಿಡಿ. ಸೋಮವಾರದಿಂದ ಜಿಎಸ್‌ಟಿ ಲೆಕ್ಕ ಅದರಲ್ಲೇ ಶುರು, ಅಲ್ವಾ?

ಗಿರಾಕಿ ಕ್ಯೂಆರ್ ಸ್ಕ್ಯಾನ್ ಮಾಡುವ ಹೊತ್ತಿಗೇ ಸ್ಕ್ರೀನ್ ಮೇಲೆ ಇಂಥ ಆಪ್‌ನ ‘ಈಗಲೇ ರಿನ್ಯೂ ಮಾಡಿ’ ಅನ್ನುವ ಸೂಚನೆ ಬಂದು ಕೂರುತ್ತದೆ. ಇದು ಬರೀ ಕಿರಿಕಿರಿ ಅಂದುಕೊಳ್ಳಬೇಡಿ. 2014-15ರಲ್ಲಿ ಲೆನೊವೊದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ಸಾಫ್ಟ್‌ವೇರ್ ಮೊದಲೇ ಇತ್ತು. ಅದು ತನ್ನದೇ ಸರ್ಟಿಫಿಕೇಟ್ (ಸೈಟ್ ಅಸಲಿ ಎಂದು ಬ್ರೌಸರ್ ನಂಬಲು ನೋಡುವ ಗುರುತುಪತ್ರ) ಸೇರಿಸಿತ್ತು. ಬ್ಯಾಂಕ್ ಸೈಟಿನಲ್ಲಿ ಬೀಗದ ಗುರುತು ಕಂಡರೂ ನಡುವೆ ಬೇರೆಯವರು ಇಣುಕಲು ದಾರಿಯಾಗಿತ್ತು.

ಮೊದಲು ಬ್ಯಾಕಪ್. ಆಮೇಲೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆಪ್ಸ್, ಇನ್‌ಸ್ಟಾಲ್ಡ್ ಆಪ್ಸ್‌ಗೆ ಹೋಗಿ. ಗೇಮ್, ಶಾಪಿಂಗ್ ಆಪ್, ಟ್ರಯಲ್ ಆಂಟಿವೈರಸ್ ಕಂಡರೆ ಪಕ್ಕದ ಮೂರು ಚುಕ್ಕಿ ಒತ್ತಿ ಅನ್‌ಇನ್‌ಸ್ಟಾಲ್ ಮಾಡಿ. ಆಂಟಿವೈರಸ್ ತೆಗೆದರೆ ವಿಂಡೋಸಿನ ಡಿಫೆಂಡರ್ ತಾನಾಗಿ ಆನ್ ಆಗುತ್ತದೆ. ರೀಸ್ಟಾರ್ಟ್ ಮಾಡಿ ಒಮ್ಮೆ ನೋಡಿಕೊಳ್ಳಿ. ಡ್ರೈವರ್, ವಿಷುಯಲ್ ಸಿ ಪ್ಲಸ್ ಪ್ಲಸ್ ಅಂತ ಇದ್ದದ್ದಕ್ಕೆ ಮಾತ್ರ ಕೈ ಹಾಕಬೇಡಿ. ಪ್ರಿಂಟರೋ ಬಿಲ್ಲಿಂಗೋ ನಿಂತುಹೋದೀತು.

ಆಂಡ್ರಾಯ್ಡ್ ಟ್ಯಾಬಿನಲ್ಲಿ ಕೆಲವು ಆಪ್ ಡಿಲೀಟ್ ಆಗುವುದಿಲ್ಲ, ಡಿಸೇಬಲ್ ಮಾಡಿ. ಅದೂ ಆಗದಿದ್ದರೆ ನೋಟಿಫಿಕೇಶನ್, ಲೊಕೇಶನ್, ಕಾಂಟ್ಯಾಕ್ಟ್ಸ್ ಪರ್ಮಿಷನ್ ತೆಗೆಯಿರಿ.

ಯಾವುದಾದರೂ ಹೆಸರು ಗೊತ್ತಾಗದಿದ್ದರೆ ತೆಗೆಯುವ ಮೊದಲು ಫೋಟೊ ಇಲ್ಲಿ ಹಾಕಿ, ನಾವೇ ನೋಡಿ ಹೇಳುತ್ತೇವೆ. ಕೆಲಸ ಮುಗಿಸಿದವರು ಅಂಗಡಿ ಹೆಸರಿನ ಜೊತೆ ‘ಆಯ್ತು’ ಅಂತ ರಿಪ್ಲೈ ಮಾಡಿ.